ಕಾರವಾರದಲ್ಲಿ ಮೂತ್ರದ ಜೀನ್ ಟೆಸ್ಟ್: ಕೆಲಸ ಚೊಕ್ಕ, ಬೋರ್ಡು ಸುಳ್ಳು

ಅಪ್ಪನ ಮೂತ್ರಕೋಶದ ಕ್ಯಾನ್ಸರ್ ಗಡ್ಡೆ ತೆಗೆಸಿದ ಮೇಲೆ ಮೂರು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗುತ್ತೇವೆ. ಒಳಗೆ ಕ್ಯಾಮೆರಾ ಬಿಟ್ಟು ನೋಡುತ್ತಾರೆ, ಸಿಸ್ಟೋಸ್ಕೋಪಿ. ಈ ಸಲ ಕ್ಯಾಮೆರಾಗೆ ಏನೂ ಸಿಗಲಿಲ್ಲ. ಆದರೆ ಮೂತ್ರದ ಸೈಟಾಲಜಿಯಲ್ಲಿ, ಅಂದರೆ ಜೀವಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆಯಲ್ಲಿ, ಕೆಲವು ಜೀವಕೋಶಗಳು ಅನುಮಾನ ಹುಟ್ಟಿಸುವ ಹಾಗಿದ್ದವು. ಹೌದು ಅನ್ನುವಂತಿಲ್ಲ, ಅಲ್ಲ ಅನ್ನುವಂತಿಲ್ಲ. ಡಾಕ್ಟರು ಫಿಶ್ (FISH) ಅನ್ನುವ ಮೂತ್ರದ ಜೀನ್ ಟೆಸ್ಟ್ ಬರೆದುಕೊಟ್ಟರು.

ಸ್ಯಾಂಪಲ್ ಕೊಡಲು ಕಾರವಾರದಲ್ಲೇ ಒಂದು ಕಲೆಕ್ಷನ್ ಸೆಂಟರ್ ಇದೆ, ಹೆಸರು ಬೇಡ. ನಮಗೆ ಸದಾಶಿವಗಡದಿಂದ ಕಾಳಿ ಸೇತುವೆ ದಾಟಿದರೆ ಆಯ್ತು. ಕೌಂಟರಿನ ಹುಡುಗಿ ಒಳ್ಳೆಯವಳು. "ಅಜ್ಜಾ, ಬೆಳಿಗ್ಗೆ ಎದ್ದ ಕೂಡಲೇ ಹೋದದ್ದು ಬೇಡ. ರಾತ್ರಿಯಿಡೀ ಒಳಗೇ ನಿಂತು ಜೀವಕೋಶ ಹಾಳಾಗಿರ್ತದೆ. ಆಮೇಲಿನದ್ದು ಕೊಡಿ" ಅಂದಳು. ಅಪ್ಪ ತಂದಿದ್ದ ಡಬ್ಬಿ ಪಕ್ಕಕ್ಕಿಟ್ಟು ಹೊಸದು ಕೊಟ್ಟಳು. ನೀರು ಕುಡಿಸಿ ಕೂರಿಸಿದಳು. ಆಮೇಲೆ ಕೆಡದ ಹಾಗೆ ದ್ರಾವಣ ಬೆರೆಸಿ, ಅಪ್ಪನ ಎದುರಿಗೇ ಹೆಸರಿನ ಚೀಟಿ ಅಂಟಿಸಿ, ಐಸ್ ಪ್ಯಾಕಿನ ಪೆಟ್ಟಿಗೆಗೆ ಹಾಕಿದಳು. ಪರೀಕ್ಷೆ ನಡೆಯುವುದು ಬೆಂಗಳೂರಿನಲ್ಲಿ.

ಸಿಟ್ಟು ಬಂದದ್ದು ಗೋಡೆಯ ಬೋರ್ಡು ನೋಡಿ. "ಇನ್ನು ಕ್ಯಾಮೆರಾ ಬೇಡ, ಮೂತ್ರ ಸಾಕು" ಅಂತೆ! ಯಾರು ಹೇಳಿದ್ದು? ಫಿಶ್ ನೋಡುವುದು ಇಷ್ಟು: ಮೂತ್ರಕ್ಕೆ ಉದುರಿದ ಜೀವಕೋಶಗಳಲ್ಲಿ 3, 7, 17ನೇ ಕ್ರೋಮೋಸೋಮುಗಳು (ಜೀನುಗಳನ್ನು ಹೊತ್ತ ಎಳೆಗಳು) ಎರಡೆರಡಕ್ಕಿಂತ ಜಾಸ್ತಿ ಇವೆಯಾ, 9ನೆಯದರ ಒಂದು ತುಂಡು ಕಳೆದುಹೋಗಿದೆಯಾ ಅಂತ. ಹೊಳೆಯುವ ಬಣ್ಣ ಹಚ್ಚಿ ಚುಕ್ಕಿ ಎಣಿಸುತ್ತಾರೆ. ಬೇಗ ಹಬ್ಬುವ ಜಾತಿಯ ಕ್ಯಾನ್ಸರನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಕೆಲವೊಮ್ಮೆ ಕ್ಯಾಮೆರಾಗೆ ಕಾಣುವ ಮೊದಲೇ ಸುಳಿವು ಕೊಡುತ್ತದೆ. ಆದರೆ ನಿಧಾನ ಬೆಳೆಯುವ ಸಣ್ಣ ಗಡ್ಡೆ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿದ್ದು ಹಳೇ ರೋಗಿಗಳ ಮೇಲೆ ಕಣ್ಣಿಡುವುದಕ್ಕೆ, ಅದೂ ಸಿಸ್ಟೋಸ್ಕೋಪಿಯ ಜೊತೆಗೆ. ಅದರ ಬದಲಿಗಲ್ಲ.

ಅಪ್ಪ ಮೊದಲೇ ಮಣಿಪಾಲಕ್ಕೆ ಹೋಗದಿರಲು ನೆಪ ಹುಡುಕುವವರು. ಬೋರ್ಡು ಓದಿ "ನೋಡು, ಇನ್ನು ಬೇಡ್ವಂತೆ" ಅಂದರು. ಇಂಥವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇ? ದೊಡ್ಡ ಆಸ್ಪತ್ರೆ ಬೇಕೆಂದರೆ ಗೋವಾ, ಇಲ್ಲವೇ ಹುಬ್ಬಳ್ಳಿ, ಮಣಿಪಾಲ. ದೂರದ ಓಡಾಟ ತಪ್ಪುತ್ತದೆ ಅಂದರೆ ಯಾರಾದರೂ ನಂಬಿಬಿಡುತ್ತಾರೆ. ಮ್ಯಾನೇಜರಿಗೆ ಹೇಳಿದೆ. "ಹೆಡ್ ಆಫೀಸಿನಿಂದ ಬಂದದ್ದು ಸರ್" ಅಂದ, ಅಷ್ಟೇ.

ರಿಪೋರ್ಟ್ ಹೇಳಿದ ದಿನವೇ ಬಂತು, ನೆಗೆಟಿವ್. ಕ್ಯಾಮೆರಾ ತಾರೀಕು ಹಾಗೇ ಉಳಿಯಲಿ ಎಂದರು ಡಾಕ್ಟರು. ದುಡ್ಡು ಮಾಮೂಲಿ ಮೂತ್ರ ಪರೀಕ್ಷೆಯ ಹಾಗಲ್ಲ, ಮೊದಲೇ ಕೇಳಿಕೊಳ್ಳಿ. ಸ್ಯಾಂಪಲ್ ಕೊಡಲು ಧೈರ್ಯವಾಗಿ ಹೋಗಿ, ಟೆಸ್ಟ್ ಬೇಕೋ ಬೇಡವೋ ಅಂತ ಮಾತ್ರ ಆ ಕೌಂಟರಿನಲ್ಲಿ ಕೇಳಬೇಡಿ. ಐದಕ್ಕೆ ಮೂರು ಸ್ಟಾರ್, ಮೂರೂ ಆ ಹುಡುಗಿಗೆ.