480 ರೂಪಾಯಿಯ ಆನೆ, ಆರು ಊರು, ಕಳೆದುಹೋದ ಒಂದು ದಂತ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ಬಟ್ಟೆ ಆನೆ ತಗೊಳ್ಳಬೇಡಿ. ಗೆಳತಿಯರ ಜೊತೆ ಊರು ಸುತ್ತಲು ಹೊರಟಿದ್ದರೆ ತಗೊಳ್ಳಿ, ಆದರೆ ಮನೆಗೆ ತಂದ ಕೂಡಲೇ ದಂತಕ್ಕೆ ಇನ್ನೊಂದು ಸುತ್ತು ಹೊಲಿಗೆ ಹಾಕಿಕೊಳ್ಳಿ. ಯಾಕೆ ಅಂತ ಕೆಳಗೆ ಬರುತ್ತದೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬನ್ನಿ.

ತಗೊಂಡಿದ್ದು ಶಿವಮೊಗ್ಗದ ಗಾಂಧಿ ಬಜಾರ್ ಕಡೆಯ ಒಂದು ಪುಟ್ಟ ಅಂಗಡಿಯಲ್ಲಿ. 500 ಹೇಳಿದರು, 480ಕ್ಕೆ ಕೊಟ್ಟರು. ಎತ್ತರ ಸರಿಯಾಗಿ ನನ್ನ ಒಂದು ಗೇಣು, ಸ್ಕೇಲ್ ಇಟ್ಟು ನೋಡಿದರೆ 20 ಸೆಂಟಿಮೀಟರ್. ಬೂದು ಬಣ್ಣದ ಒರಟು ಖಾದಿ ಬಟ್ಟೆ, ಒಳಗೆ ಬೂರುಗದ ಹತ್ತಿ, ಕಣ್ಣಿಗೆ ಎರಡು ಕಪ್ಪು ಗುಂಡಿ, ಬೆನ್ನ ಮೇಲೆ ಅಡಿಕೆ ಚೊಗರಿನಲ್ಲಿ ಅದ್ದಿದ ಕೆಂಪು ಬಟ್ಟೆಯ ತುಂಡು. ಚೊಗರು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೇರೆ ಊರಿನವರಿಗೆ: ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರು, ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಅಂತ ಅಮ್ಮಂದಿರು ಬೈಯುತ್ತಿದ್ದರಲ್ಲ, ಅದೇ. ಹೋಗುವುದಿಲ್ಲ ಅನ್ನೋದು ಸುಳ್ಳು ಅಂತ ಆಮೇಲೆ ಗೊತ್ತಾಯಿತು.

ನಾವು ನಾಲ್ವರು. ನಾನು ಶಿವಮೊಗ್ಗದವಳು, ಉಳಿದವರು ಸಾಗರ, ತೀರ್ಥಹಳ್ಳಿ, ಭದ್ರಾವತಿ. ಕಾಲೇಜಿನ ಕಾಲದಿಂದ ಜೊತೆಗಿದ್ದೇವೆ, ಈಗ ಎಲ್ಲರಿಗೂ ಐವತ್ತು ದಾಟಿದೆ. ಮೂವತ್ತು ವರ್ಷದಿಂದ ಬರೀ ಬಾಯಲ್ಲೇ ಹೋಗಿ ಬರುತ್ತಿದ್ದ ಯುರೋಪಿಗೆ ಈ ಮೇ ತಿಂಗಳಲ್ಲಿ ನಿಜವಾಗಿಯೂ ಹೋಗಿ ಬಂದೆವು. ಆನೆ ಕರೆದುಕೊಂಡು ಹೋಗೋಣ ಅಂದಿದ್ದು ತೀರ್ಥಹಳ್ಳಿಯವಳು. ಅವಳು ಶಿವಮೊಗ್ಗಕ್ಕೆ ಬರುವ ದಾರಿಯಲ್ಲೇ ಸಕ್ರೆಬೈಲು ಆನೆ ಬಿಡಾರ ಇದೆ, ಆನೆ ನೋಡದೆ ಅವಳ ಪ್ರಯಾಣ ಶುರುವಾಗುವುದೇ ಇಲ್ಲವಂತೆ. ಹೊಟ್ಟೆ ನೋಡಿ ಗುಂಡಣ್ಣ ಅಂತ ಹೆಸರಿಟ್ಟಿದ್ದು ಭದ್ರಾವತಿಯವಳು. ನಮ್ಮ ಯಾರ ಫೋಟೋವೂ ಸರಿಯಾಗಿ ಬರುವುದಿಲ್ಲ, ಇವನದ್ದಾದರೂ ಬರಲಿ ಅಂತ ಎಲ್ಲ ಕಡೆ ಇವನನ್ನೇ ಮುಂದೆ ಕೂರಿಸಿದೆವು.

ಮೊದಲ ತೊಂದರೆ ವಿಮಾನ ಹತ್ತುವ ಮೊದಲೇ. ತಪಾಸಣೆಯಲ್ಲಿ ಬ್ಯಾಗು ನಿಂತಿತು. ಪರದೆಯ ಮೇಲೆ ಗುಂಡಣ್ಣನ ಸೊಂಡಿಲಿನೊಳಗೆ ಉದ್ದಕ್ಕೆ ಒಂದು ತಂತಿ! ಸೊಂಡಿಲು ಮೇಲಕ್ಕೆ ನಿಲ್ಲಲಿ ಅಂತ ಹಾಕಿದ್ದಾರೆ, ಅಂಗಡಿಯಲ್ಲಿ ಹೇಳಿರಲಿಲ್ಲ, ನಾನೂ ಒತ್ತಿ ನೋಡಿರಲಿಲ್ಲ. ಅಲ್ಲಿದ್ದ ಹುಡುಗ ಎರಡು ಬೆರಳಲ್ಲಿ ಸೊಂಡಿಲು ಹಿಸುಕಿ, ನಮ್ಮ ನಾಲ್ವರ ಮುಖ ನೋಡಿ, ನಕ್ಕು ಬಿಟ್ಟುಬಿಟ್ಟ. ಆದರೆ ವಿಷಯ ನಗುವಂಥದ್ದಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ನೋಂದಾಯಿಸಿಕೊಂಡ ಕರಕುಶಲಗಾರರಿಗೆ ವಿನಾಯಿತಿ ಇದೆ. ಇದರ ಮೇಲೆ ಯಾವ ಚೀಟಿಯೂ ಇರಲಿಲ್ಲ. ತಗೊಳ್ಳುವಾಗಲೇ ಕೇಳಿದ್ದೆ, "ಇದು ಶೋಕೇಸಿಗೆ ಅಕ್ಕಾ" ಅಂದಿದ್ದರು. ಶೋಕೇಸಿನ ಬಾಗಿಲು ತೆಗೆಯೋದೇ ಮಕ್ಕಳು, ಅಲ್ವಾ?

ರೋಮ್‌ನಲ್ಲಿ ಎಲ್ಲರೂ ನೋಡುವುದನ್ನೆಲ್ಲ ನಾವೂ ನೋಡಿದೆವು, ಅದು ಬಿಡಿ. ಪ್ಯಾಂಥಿಯನ್ ಹಿಂಬದಿಗೆ ಎರಡು ಹೆಜ್ಜೆ ಹಾಕಿದರೆ ಮಿನೆರ್ವಾ ಅನ್ನುವ ಸಣ್ಣ ಚೌಕ ಸಿಗುತ್ತದೆ. ಅಲ್ಲೊಂದು ಕಲ್ಲಿನ ಆನೆ, ಬೆನ್ನ ಮೇಲೆ ಈಜಿಪ್ಟಿನ ಕಲ್ಲುಕಂಬ ಹೊತ್ತು ನಿಂತಿದೆ. ಶಿಲ್ಪಿ ಬರ್ನಿನಿಯ ಕಲ್ಪನೆ, 1667ರದ್ದು. ಸೊಂಡಿಲು ಒಂದು ಕಡೆ ತಿರುಗಿಸಿ, ಯಾರೋ ಕರೆದಂತೆ ನೋಡುತ್ತದೆ. ರೋಮಿನ ಜನ ಇದನ್ನು ಹಿಂದೆ ಹಂದಿಮರಿ ಅಂತ ಆಡಿಕೊಳ್ಳುತ್ತಿದ್ದರಂತೆ, ಆ ಮಾತು ಬಾಯಿಂದ ಬಾಯಿಗೆ ಹೋಗಿ ಈಗ ಮಿನೆರ್ವಾದ ಕೋಳಿಮರಿ ಆಗಿದೆ. ಗುಂಡಣ್ಣನನ್ನು ಕಟ್ಟೆಯ ಅಂಚಿಗೆ ಕೂರಿಸಿ ಫೋಟೋ ತೆಗೆಯುವಾಗ ಒಬ್ಬ ಪುಟ್ಟ ಹುಡುಗ ಬಂದು ಅವನ ಕಿವಿ ಹಿಡಿದುಕೊಂಡು ಬಿಡಲೇ ಇಲ್ಲ. ಅವನ ಅಮ್ಮ ನಮ್ಮ ಹತ್ತಿರ ಇಟಾಲಿಯನ್‌ನಲ್ಲಿ ಏನೋ ಹೇಳಿದರು, ಭದ್ರಾವತಿಯವಳು ಕನ್ನಡದಲ್ಲೇ "ಇರಲಿ ಬಿಡಿ, ಮಗು ಅಲ್ವಾ" ಅಂದಳು, ಮಾತುಕತೆ ಚೆನ್ನಾಗಿಯೇ ನಡೆಯಿತು.

ರೋಮ್‌ಗೆ ನಮ್ಮ ದೇಶದ ಆನೆ ಬಂದಿದ್ದು ಇದೇ ಮೊದಲಲ್ಲ. 1514ರಲ್ಲಿ ಪೋರ್ಚುಗಲ್ಲಿನ ರಾಜ ಮ್ಯಾನುಯೆಲ್, ಭಾರತದಿಂದ ಲಿಸ್ಬನ್‌ಗೆ ತರಿಸಿದ ಬಿಳಿ ಆನೆಯನ್ನು ಪೋಪ್ ಹತ್ತನೇ ಲಿಯೋಗೆ ಉಡುಗೊರೆಯಾಗಿ ಕಳಿಸಿದ್ದ. ಹನ್ನೋ ಅಂತ ಅದರ ಹೆಸರು. ಪೋಪನಿಗೆ ಅದೆಂದರೆ ಪ್ರಾಣ, ಆದರೂ ಎರಡೇ ವರ್ಷಕ್ಕೆ ಕಾಯಿಲೆ ಬಿದ್ದು ಸತ್ತುಹೋಯಿತು. ಇದನ್ನು ಹೇಳಿದಾಗ ತೀರ್ಥಹಳ್ಳಿಯವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಕ್ರೆಬೈಲಿನ ಒಬ್ಬ ಮಾವುತ ಜೊತೆಗಿದ್ದಿದ್ದರೆ ಉಳೀತಿತ್ತು ಕಣೇ" ಅಂದಳು. ಐನೂರು ವರ್ಷದ ಹಿಂದಿನ ಆನೆಗೆ ನಿನ್ನೆ ಸತ್ತ ಹಾಗೆ ಬೇಜಾರು ಮಾಡಿಕೊಂಡಳು.

ಮಿನೆರ್ವಾ ಆನೆಯ ದಂತದ ತುದಿಯನ್ನು 2016ರಲ್ಲಿ ಯಾರೋ ಮುರಿದು ಹಾಕಿದ್ದರು, ಅದನ್ನೂ ಮಾತಾಡಿಕೊಂಡೆವು. ಸಂಜೆ ರೂಮಿಗೆ ಬಂದು ನೋಡಿದರೆ ಗುಂಡಣ್ಣನ ಎಡಗಡೆಯ ದಂತವೇ ಇಲ್ಲ! ಮುಖ ನೋಡಿದರೆ ಗಣಪತಿ. ಹತ್ತಿರ ಹಿಡಿದು ನೋಡಿದೆ: ದಂತದ ಬುಡಕ್ಕೆ ಒಟ್ಟು ನಾಲ್ಕೇ ಹೊಲಿಗೆ, ಅದೂ ಒಂಟಿ ದಾರ, ಗಂಟು ಹಾಕದೆ ಸುಮ್ನೆ ಕತ್ತರಿಸಿ ಬಿಟ್ಟಿದ್ದಾರೆ. ಆ ಹುಡುಗನ ತಪ್ಪಲ್ಲ, ಅವನು ಹಿಡಿದಿದ್ದು ಕಿವಿ. ಕಿವಿ ಗಟ್ಟಿಯಾಗಿದೆ, ಅದನ್ನು ಮಷಿನ್ನಿನಲ್ಲಿ ಹೊಲಿದಿದ್ದಾರೆ. ಕೈಹೊಲಿಗೆ ಇರುವಲ್ಲೆಲ್ಲ ಅವಸರ ಕಾಣುತ್ತದೆ.

ಅಲ್ಲಿಂದ ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್. ರೈನ್ ಜಲಪಾತ ನೋಡಲೇಬೇಕು ಅಂತ ಹಟ ಹಿಡಿದಿದ್ದು ಸಾಗರದವಳು, ನೋಡಿ ಬೈಯುವುದಕ್ಕೆ ಅಂತಲೇ. ಎತ್ತರ 23 ಮೀಟರ್. ಜೋಗ 253. ಹತ್ತನೇ ಒಂದು ಭಾಗವೂ ಇಲ್ಲ! "ಇದಕ್ಕೆ ಜಲಪಾತ ಅಂತಾರಾ ಮಾರಾಯ್ತಿ, ನಮ್ಮ ತೋಟದ ಕಟ್ಟು ಒಡೆದ ಹಾಗಿದೆ" ಅಂತ ಮೇಲೆ ನಿಂತು ಜೋರಾಗಿ ಹೇಳಿದಳು. ಆಮೇಲೆ ದೋಣಿಯಲ್ಲಿ ನಡುವಿನ ಬಂಡೆಗೆ ಕರೆದುಕೊಂಡು ಹೋದರು. 150 ಮೀಟರ್ ಅಗಲಕ್ಕೆ ಇಡೀ ನದಿ ಎರಡೂ ಕಡೆಯಿಂದ ನುಗ್ಗಿ ಬರುವಾಗ ಬಂಡೆಯೇ ಅಲುಗಾಡಿದ ಹಾಗಾಗುತ್ತದೆ. ಸಾಗರದವಳ ಬಾಯಿ ಮುಚ್ಚಿತು. ಮೇ ತಿಂಗಳಲ್ಲಿ ಜೋಗ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿಲ್ಲವಾ, ನೀರೆಲ್ಲ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ, ನೆಂಟರನ್ನು ಕರೆದುಕೊಂಡು ಹೋಗಿ ಬಂಡೆ ತೋರಿಸಿ ಬರಬೇಕು.

ನೀರಿನ ಪರೀಕ್ಷೆಯೂ ಅಲ್ಲೇ ಆಯಿತು. ಎರಚಲಿಗೆ ಗುಂಡಣ್ಣ ಪೂರ್ತಿ ತೊಯ್ದುಹೋದ. ಹೋಟೆಲಿಗೆ ಬಂದು ಬಿಳಿ ಟವೆಲ್‌ನಲ್ಲಿ ಸುತ್ತಿಟ್ಟೆ, ಬೆಳಿಗ್ಗೆ ಬಿಚ್ಚಿದರೆ ಟವೆಲ್ ತುಂಬ ಕೆಂಪು, ಬಾಣಂತಿ ಕೋಣೆ ನೋಡಿದ ಹಾಗೆ. ಚೊಗರು ಬಿಟ್ಟಿತ್ತು. ಸಾಗರದವಳು ಬಟ್ಟೆ ಮೂಸಿ ನೋಡಿ, "ಪಟಿಕ ಹಾಕಿಲ್ಲ ಇವ್ರು, ಸುಮ್ನೆ ಅದ್ದಿ ಒಣಗಿಸಿದ್ದಾರೆ" ಅಂದಳು. ಬಣ್ಣ ಗಟ್ಟಿಯಾಗಿ ಕಚ್ಚಿಕೊಳ್ಳಬೇಕಾದರೆ ಪಟಿಕದ ನೀರಿನಂಥದ್ದು ಬೇಕು. ಹೋಟೆಲಿನವರಿಗೆ ಅಡಿಕೆ ಬೇಯಿಸುವ ಕಥೆ ಹೇಳಿ ಕ್ಷಮೆ ಕೇಳುವಷ್ಟರಲ್ಲಿ ನನಗೆ ಬೆವರು ಬಂತು. ಆದರೆ ಒಂದು ಮಾತು, ಬೂರುಗದ ಹತ್ತಿ ನೀರು ಕುಡಿಯುವುದೇ ಇಲ್ಲ. ಹಿಂದೆಲ್ಲ ನೀರಿನಲ್ಲಿ ತೇಲುವ ಜಾಕೆಟ್ಟಿಗೆ ಅದೇ ಜಾತಿಯ ಹತ್ತಿ ತುಂಬುತ್ತಿದ್ದರು. ಮೇಲಿನ ಖಾದಿ ಒದ್ದೆಯಾಗಿತ್ತು ಅಷ್ಟೆ, ಮಧ್ಯಾಹ್ನದೊಳಗೆ ಒಣಗಿದ. ಹೊಟ್ಟೆಯಲ್ಲಿ ಒಂದು ಕಡೆ ಗಂಟು ಕಟ್ಟಿದೆ, ಕೈಯಲ್ಲಿ ಬಿಡಿಸಿದರೆ ಸರಿಹೋಗುತ್ತದೆ. ಬಣ್ಣಕ್ಕೆ ಸೊನ್ನೆ, ಹತ್ತಿಗೆ ಪೂರ್ತಿ ಅಂಕ.

ಬಣ್ಣ ಬಿಟ್ಟ ಕೆಂಪು ಬಟ್ಟೆಯನ್ನು ತೆಗೆದುಹಾಕಿ, ಬರಿ ಬೆನ್ನಿನ, ಒಂಟಿ ದಂತದ ಆನೆಯನ್ನು ಹಿಡಿದುಕೊಂಡು ನಾವು ಜರ್ಮನಿಯ ಗೀಂಗೆನ್‌ಗೆ ಹೋದೆವು. ಉಲ್ಮ್‌ನಿಂದ ಸಣ್ಣ ರೈಲು. ಯಾವ ಟೂರಿನವರೂ ಕರೆದುಕೊಂಡು ಹೋಗದ ಊರು. ಹೋಗಿದ್ದಕ್ಕೆ ಕಾರಣ ಒಬ್ಬ ಹೆಂಗಸು, ಮಾರ್ಗರೆಟೆ ಸ್ಟೈಫ್. 1847ರಲ್ಲಿ ಹುಟ್ಟಿದವರು, ಒಂದೂವರೆ ವರ್ಷಕ್ಕೇ ಪೋಲಿಯೋ ಬಂದು ಕಾಲು ಹೋಯಿತು, ಬಲಗೈಯೂ ಸ್ವಾಧೀನದಲ್ಲಿರಲಿಲ್ಲ. ಹೊಲಿಗೆ ಮಷಿನ್ನಿನ ಚಕ್ರ ಬಲಗಡೆ ಇರುತ್ತದಲ್ಲ, ಅದಕ್ಕೆ ಮಷಿನ್ನನ್ನೇ ತಿರುಗಿಸಿಟ್ಟುಕೊಂಡು ಎಡಗೈಯಲ್ಲಿ ತಿರುಗಿಸಿ ಹೊಲಿದರಂತೆ. ಒಂದು ಫ್ಯಾಷನ್ ಪತ್ರಿಕೆಯಲ್ಲಿ ಬಂದ ನಮೂನೆ ನೋಡಿ 1880ರಲ್ಲಿ ಅವರು ಮಾಡಿದ್ದು ಸೂಜಿ ಚುಚ್ಚಿಡುವ ಪುಟ್ಟ ಆನೆ. ಹೌದು, ಆನೆ! ದೊಡ್ಡವರು ಸೂಜಿ ಚುಚ್ಚುವ ಮೊದಲೇ ಮಕ್ಕಳು ಕಸಿದುಕೊಂಡು ಆಡತೊಡಗಿದರು, ಹಾಗೆ ಆಟಿಕೆ ಕಂಪನಿ ಹುಟ್ಟಿತು. ಜಗತ್ತಿಗೆಲ್ಲ ಗೊತ್ತಿರುವ ಅವರ ಕರಡಿ ಬಂದಿದ್ದು 1902ರಲ್ಲಿ, ಅವರ ಅಣ್ಣನೋ ತಮ್ಮನೋ ಮಗ ರಿಚರ್ಡ್ ಮಾಡಿದ್ದು. ಕರಡಿಗೆ ಅಷ್ಟು ಹೆಸರು, ಮೊದಲು ಬಂದ ಆನೆಯನ್ನು ಕೇಳುವವರಿಲ್ಲ.

ಆ ಕಂಪನಿಯ ಮ್ಯೂಸಿಯಮ್ಮಿನಲ್ಲಿ ಭದ್ರಾವತಿಯವಳು, ಅವಳು ಇಪ್ಪತ್ತು ವರ್ಷ ಬ್ಲೌಸ್ ಹೊಲಿದವಳು, ಗಾಜಿಗೆ ಮೂಗು ತಾಗಿಸಿ ಹೊಲಿಗೆ ನೋಡುತ್ತಾ ನಿಂತುಬಿಟ್ಟಳು. "ಅಂಚು ಎಲ್ಲಿ ಮಡಚಿದ್ದಾರೆ ಅಂತಾನೇ ಕಾಣಲ್ಲ ಕಣೇ" ಅಂದಳು. ಆಮೇಲೆ ಗುಂಡಣ್ಣನ ಕೆನ್ನೆಯಿಂದ ನೇತಾಡುತ್ತಿದ್ದ ದಾರ ನೋಡಿ ನಿಟ್ಟುಸಿರು ಬಿಟ್ಟಳು. ನ್ಯಾಯವಾಗಿ ಹೇಳಬೇಕೆಂದರೆ ಅಲ್ಲಿನ ಒಂದು ಆನೆಯ ಬೆಲೆಗೆ ಇಲ್ಲಿ ಸಣ್ಣ ಹಿಂಡೇ ಬರುತ್ತದೆ. 480ಕ್ಕೆ ಅಷ್ಟು ಹೊಲಿಗೆ ಕೇಳುವುದು ತಪ್ಪು. ಕೊನೆಗೊಂದು ಗಂಟು ಕೇಳುವುದು ತಪ್ಪಲ್ಲ.

ದಿ ಹೇಗ್‌ನಲ್ಲಿ ಮದುರೋಡಮ್ ನಮ್ಮ ಗುಂಡಣ್ಣನಿಗೇ ಮಾಡಿಸಿದ ಹಾಗಿತ್ತು. ಇಡೀ ನೆದರ್‌ಲ್ಯಾಂಡ್ಸ್ ಅನ್ನು 25ಕ್ಕೆ 1ರಂತೆ ಕುಗ್ಗಿಸಿ ಇಟ್ಟಿದ್ದಾರೆ: ಕಾಲುವೆ, ರೈಲು, ವಿಮಾನ ನಿಲ್ದಾಣ, ಎಲ್ಲ. ಲೆಕ್ಕ ಹಾಕಿ ನೋಡಿ, 20 ಸೆಂಟಿಮೀಟರಿನ ನಮ್ಮವನು ಅಲ್ಲಿ 5 ಮೀಟರ್ ಎತ್ತರ! ನಿಜವಾದ ಗಂಡಾನೆಯೇ 3 ಮೀಟರ್ ಆಸುಪಾಸು. ಒಳಗೆ ಇಡುವ ಹಾಗಿಲ್ಲ, ಅಂಚಿನಲ್ಲಿ ಹಿಡಿದು ಫೋಟೋ ತೆಗೆದರೆ ಊರಿಗೆ ನುಗ್ಗಿದ ಕಾಡಾನೆ. ಮನೆಗೆ ಕಳಿಸಿದಾಗ ನಮ್ಮ ಯಜಮಾನರು "ಅಲ್ಲೂ ಅರಣ್ಯ ಇಲಾಖೆಯವರು ಬಂದ್ರಾ" ಅಂತ ಕೇಳಿದರು. ನಗುತ್ತಾ ತಿರುಗಿದ ಆ ಜಾಗಕ್ಕೆ ಆ ಹೆಸರು ಬಂದಿದ್ದು ಜಾರ್ಜ್ ಮದುರೋ ಅನ್ನುವ ಹುಡುಗನಿಂದ. ನಾಜಿಗಳ ವಿರುದ್ಧ ನಿಂತು 1945ರಲ್ಲಿ ಡಖಾವ್ ಶಿಬಿರದಲ್ಲಿ ಸತ್ತವನು. ಅವನ ನೆನಪಿಗೆ ಅಪ್ಪ ಅಮ್ಮ ದುಡ್ಡು ಕೊಟ್ಟು ಕಟ್ಟಿಸಿದ್ದು, 1952ರಲ್ಲಿ ತೆರೆಯಿತು. ಅದನ್ನು ಓದಿದ ಮೇಲೆ ಸಾಗರದವಳು ಗುಂಡಣ್ಣನನ್ನು ಬ್ಯಾಗಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ನಡೆದಳು.

ಬ್ರಸೆಲ್ಸ್‌ನಲ್ಲಿ ಉಚ್ಚೆ ಹೊಯ್ಯುವ ಹುಡುಗನ ಪ್ರತಿಮೆ ಇದೆಯಲ್ಲ, ನೋಡಿದವರೆಲ್ಲ "ಇಷ್ಟೇನಾ" ಅನ್ನುತ್ತಾರೆ, ನಾವೂ ಅಂದೆವು. ಹೆಚ್ಚೂಕಡಿಮೆ 55 ಸೆಂಟಿಮೀಟರ್, ಗುಂಡಣ್ಣನ ಮೂರು ಪಟ್ಟೂ ಇಲ್ಲ. ಬೀದಿಯಲ್ಲಿರುವುದು ನಕಲು, 1619ರ ಕಾಲದ ಮೂಲ ಪ್ರತಿಮೆ ಮ್ಯೂಸಿಯಮ್ಮಿನಲ್ಲಿದೆ. ಆದರೆ ಆ ಹುಡುಗನ ಹತ್ತಿರ ಸಾವಿರಕ್ಕೂ ಜಾಸ್ತಿ ಬಟ್ಟೆ ಇದೆ, ಅದಕ್ಕೆಂದೇ ಬೇರೆ ಮ್ಯೂಸಿಯಂ! ಬರಿಮೈಯವನಿಗೆ ಸಾವಿರ ಜೊತೆ ಬಟ್ಟೆ, ನಮ್ಮವನ ಬೆನ್ನಿಗೆ ಒಂದು ತುಂಡಿಲ್ಲ. ಭದ್ರಾವತಿಯವಳಿಗೆ ತಡೆಯಲಾಗಲಿಲ್ಲ. ಹೋಟೆಲಿನ ಸೂಜಿದಾರದ ಪೊಟ್ಟಣ, ತನ್ನದೇ ಇಳಕಲ್ ಸೀರೆಯ ಬ್ಲೌಸ್ ಪೀಸಿನ ಮೂಲೆ. ಪ್ಯಾರಿಸ್ ರೈಲಿನಲ್ಲಿ ಕೂತು ಹೊಸ ಬಟ್ಟೆ ಹೊಲಿದು ಮುಗಿಸಿದಳು, ಗಂಟು ಹಾಕಿ.

ಪ್ಯಾರಿಸ್ಸಿನ ಬಗ್ಗೆ ಜಾಸ್ತಿ ಇಲ್ಲ. ಲೂವ್ರ್ ಮಂಗಳವಾರ ರಜೆ, ನಾವು ಹೋಗಿದ್ದು ಮಂಗಳವಾರ. ಐಫೆಲ್ ಗೋಪುರದ ಕೆಳಗೆ ಕೂತು ಚಕ್ಕುಲಿ ಡಬ್ಬಿ ಖಾಲಿ ಮಾಡುವಾಗ, ತಳದ ಪುಡಿಯಲ್ಲಿ ಬೆಳ್ಳಗೆ ಏನೋ ಕಂಡಿತು. ತೀರ್ಥಹಳ್ಳಿಯವಳು ಬಾಯಿಗೆ ಹಾಕಿಕೊಂಡೇಬಿಟ್ಟಿದ್ದಳು. ದಂತ! ರೋಮಿನಿಂದ ಅಲ್ಲೇ ಕೂತಿತ್ತು.

ಅದೇ ದಿನ ಮೆಟ್ರೋ ನೂಕುನುಗ್ಗಲಿನಲ್ಲಿ ಸೊಂಡಿಲಿನ ತುದಿಯಿಂದ ತಂತಿ ಹೊರಗೆ ಬಂದು ನನ್ನ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಬಂತು. ಮಕ್ಕಳಿಗೆ ಬೇಡ ಅಂದಿದ್ದು ಅದಕ್ಕೇ.

ವಾಪಸು ಬಂದ ವಾರದಲ್ಲೇ ಅಂಗಡಿಗೆ ಹೋಗಿ ತಂತಿ ತೋರಿಸಿದೆ. ಅಂಗಡಿಯಾಕೆ ವಾದ ಮಾಡಲಿಲ್ಲ. "ತಂತಿ ತೆಗೆದ್ರೆ ಸೊಂಡಿಲು ಜೋತು ಬೀಳತ್ತೆ ಅಕ್ಕಾ, ಸೊಂಡಿಲು ಮೇಲಿದ್ರೇನೇ ಶುಭ ಅಂತ ಜನ ತಗೊಳ್ಳೋದು" ಅಂದರು. ದಪ್ಪ ಹಗ್ಗದ ತುಂಡು ಹಾಕಿ ನೋಡಿ ಅಂದೆ, ಪಟಿಕದ ವಿಷಯವನ್ನೂ ಹೇಳಿದೆ, ಒಂದು ಚೀಟಿಯಲ್ಲಿ ಬರೆದುಕೊಂಡರು. ಇವನನ್ನು ಬಿಟ್ಟು ಹೊಸದು ತಗೊಂಡು ಹೋಗಿ, ದುಡ್ಡು ಬೇಡ ಅಂದರು. ಹೊಸದನ್ನು ಕೈಗೂ ತೆಗೆದುಕೊಂಡೆ, ನೀಟಾಗಿಯೇ ಇತ್ತು, ಕೆಂಪು ಬಟ್ಟೆ, ಎರಡೂ ದಂತ. ವಾಪಸು ಇಟ್ಟೆ. ದಂತ ಮಾತ್ರ ಹೊಲಿದುಕೊಡಿ ಅಂದೆ. ನಾಳಿದ್ದು ಬನ್ನಿ ಅಂದರು, ಇಲ್ಲ, ಇಲ್ಲೇ ಕೂತಿರುತ್ತೇನೆ ಅಂದೆ.

ಕಪಾಟಿನಲ್ಲಿ ಇನ್ನೂ ನಾಲ್ಕು ಇದ್ದವು, ಮೂರು ಬೂದು, ಒಂದು ಬಿಳಿ. ಬಿಳಿ ಬೇಡ, ಒಂದೇ ರೈಲಿಗೆ ಕೊಳೆಯಾಗುತ್ತದೆ.