ತುಕ್ಕಿಗೆ ನಿಂಬೆ ಉಪ್ಪು: ಮೂರು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್ ಹಿಡಿದರೆ ಅಟ್ಟದ ಮೇಲಿಟ್ಟ ಕತ್ತಿಗೂ ತುಕ್ಕು ಬರುತ್ತದೆ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಸಿಡ್ ಪುಡಿಯನ್ನು ಮೂರು ಮಳೆಗಾಲ ಮೆಟ್ಟುಗತ್ತಿ, ಬಾಗಿಲ ಕೀಲು, ನಟ್ಟು-ಬೋಲ್ಟುಗಳಿಗೆ ಬಳಸಿದ ಮೇಲಿನ ಅಭಿಪ್ರಾಯ ಇದು. ತುಕ್ಕು ಬಿಡಿಸುವುದರಲ್ಲಿ ಪುಡಿಗೆ ಪೂರ್ತಿ ಅಂಕ. ಕೆಲಸ ಕೆಡುವುದು ಬಕೆಟ್ಟಿನಿಂದ ಹೊರಗೆ ತೆಗೆದ ಮೇಲೆ.

ಅಳತೆ: ಲೀಟರ್ ನೀರಿಗೆ 50 ಗ್ರಾಂ. ಬಚ್ಚಲ ಹಂಡೆಯ ಬಿಸಿನೀರಾದರೆ ಬೇಗ ಆಗುತ್ತದೆ, ಆದರೆ ನೆನೆಸುವುದು ಪ್ಲಾಸ್ಟಿಕ್ ಬಕೆಟ್ಟಿನಲ್ಲೇ. ತೋಟಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಕಲಸಿದ ಬಕೆಟ್ ಮಾತ್ರ ಬೇಡ. ತಳದಲ್ಲಿ ಉಳಿದ ಮೈಲುತುತ್ತ ಕರಗಿ, ಅದರ ತಾಮ್ರ ಕಬ್ಬಿಣದ ಮೇಲೆ ಕೆಂಪಗೆ ಕೂರುತ್ತದೆ.

ಮೊದಲು ಜಿಡ್ಡು ಹೋಗಬೇಕು. ಗ್ರೀಸಿಗೆ ಸೀಮೆಎಣ್ಣೆ, ಆಮೇಲೆ ಪಾತ್ರೆ ಸೋಪು. ಜಿಡ್ಡಿದ್ದ ಕಡೆ ಹುಳಿನೀರು ತಾಗುವುದೇ ಇಲ್ಲ, ಮಚ್ಚೆ ಮಚ್ಚೆಯಾಗಿ ತುಕ್ಕು ಉಳಿಯುತ್ತದೆ. ಮೆಟ್ಟುಗತ್ತಿಗೆ ಹಿಡಿದ ಅಡಿಕೆ ಚೊಗರಿನ ಕಪ್ಪನ್ನೂ ಮೊದಲೇ ತಿಕ್ಕಿ ತೆಗೆಯಿರಿ.

ತೆಳು ತುಕ್ಕಿಗೆ ಒಂದೆರಡು ಗಂಟೆ ಸಾಕು. ಹಕ್ಕಳೆ ಎದ್ದಿದ್ದರೆ ರಾತ್ರಿಯಿಡೀ, ನಡುವೆ ಒಮ್ಮೆ ತೆಗೆದು ವೈರ್ ಬ್ರಶ್ಶಿನಲ್ಲಿ ಉಜ್ಜಬೇಕು. ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಹುಳಿ ಕಬ್ಬಿಣವನ್ನೇ ತಿನ್ನುತ್ತಿದೆ ಎಂದರ್ಥ. ದಿನಗಟ್ಟಲೆ ಮರೆತು ಬಿಟ್ಟರೆ ಅಲಗು ಒರಟಾಗುತ್ತದೆ. ವಸ್ತು ಪೂರ್ತಿ ಮುಳುಗಿರಲಿ. ಅರ್ಧ ಮುಳುಗಿಸಿದರೆ ನೀರಿನ ಮಟ್ಟದಲ್ಲಿ ಗೆರೆ ಕೊರೆದುಕೊಳ್ಳುತ್ತದೆ. ಮರದ ಹಿಡಿ ಬಿಚ್ಚಬೇಕಾಗುವುದು ಇದಕ್ಕೇ.

ಹೊರಬಂದ ಕಬ್ಬಿಣ ಬೂದುಕಪ್ಪಾಗಿರುತ್ತದೆ, ಬೆರಳಿಗೆ ಮಸಿ ಹತ್ತುತ್ತದೆ. ಆ ಮಸಿ ಉಜ್ಜಿದರೆ ಹೋಗುತ್ತದೆ. ಕೂಡಲೇ ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ, ಬಿಸಿನೀರಲ್ಲಿ ತೊಳೆದು, ಒರೆಸಿ, ಬಚ್ಚಲ ಒಲೆಯ ಹತ್ತಿರ ಕೈಗೆ ಬಿಸಿ ತಾಗುವಷ್ಟು ಕಾಯಿಸಿ. ಜುಲೈ ಹವೆಯಲ್ಲಿ ಒದ್ದೆ ಬಿಟ್ಟರೆ ಹತ್ತು ನಿಮಿಷದಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಮೂಡುತ್ತದೆ. ‘ಪುಡಿ ಸರಿಯಿಲ್ಲ, ತುಕ್ಕು ವಾಪಸ್ ಬಂತು’ ಎನ್ನುವವರು ಎಡವುವುದು ಇಲ್ಲಿಯೇ. ಬಿಸಿ ಇರುವಾಗಲೇ ಎಣ್ಣೆ ಸವರಿ: ಕೀಲಿಗೆ ಹೊಲಿಗೆ ಮೆಷಿನ್ ಎಣ್ಣೆ, ಅಡಿಕೆ-ತರಕಾರಿ ಮುಟ್ಟುವ ಅಲಗಿಗೆ ಕೊಬ್ಬರಿ ಎಣ್ಣೆ. ಶೇಂಗಾ ಎಣ್ಣೆ ಕ್ರಮೇಣ ಅಂಟಾಗುತ್ತದೆ.

ಎಲ್ಲದಕ್ಕೂ ಇದು ಹೊಂದುವುದಿಲ್ಲ. ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು, ಬೋಲ್ಟು ಹಾಕಿದರೆ ಸತುವಿನ ಲೇಪವೇ ಕರಗಿ, ಆಮೇಲೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಸ್ಪ್ರಿಂಗು, 10.9 ಅಥವಾ 12.9 ಎಂದು ಗುರುತಿರುವ ಬೋಲ್ಟುಗಳನ್ನು ನೆನೆಸಬೇಡಿ: ಹುಳಿಯಿಂದೇಳುವ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಸೇರಿ, ಬಿಗಿ ಬಿದ್ದಾಗ ಮುರಿಯಬಹುದು. ಗೇಟು, ಕಿಟಕಿ ಸರಳು ಮುಳುಗಿಸಲಾಗದವು. ಅದಕ್ಕೆ ಹಾರ್ಡ್‌ವೇರ್ ಅಂಗಡಿಯ ಫಾಸ್ಫಾರಿಕ್ ಆಸಿಡ್ ದ್ರಾವಣ ಹಚ್ಚಿ, ಒಣಗಿಸಿ, ಪ್ರೈಮರ್ ಬಳಿಯುವುದೇ ಒಳ್ಳೆಯದು.

ಒಮ್ಮೆ ಕಲಸಿದ ನೀರು ಎರಡು ಮೂರು ಸಲ ಬರುತ್ತದೆ. ಬಣ್ಣ ಗಾಢವಾಗಿ ಕೆಲಸ ನಿಧಾನವಾದರೆ ಚೆಲ್ಲಿ. ವಾರಗಟ್ಟಲೆ ಇಟ್ಟರೆ ಮೇಲೆ ಬೂಷ್ಟು ಕಟ್ಟುತ್ತದೆ. ಚೆಲ್ಲುವ ಮೊದಲು ನೊರೆ ನಿಲ್ಲುವವರೆಗೆ ಸೋಡಾ ಹಾಕಿ, ಬಾವಿಯಿಂದ ದೂರ ಸುರಿಯಿರಿ. ಪುಡಿಯೂ ಮಳೆಗಾಲದಲ್ಲಿ ನೀರೆಳೆದು ಗಟ್ಟಿಯಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗಟ್ಟಿಯಾದದ್ದನ್ನು ಎಸೆಯಬೇಕಿಲ್ಲ, ಕುಟ್ಟಿ ತೂಕ ಮಾಡಿ ಹಾಕಿದರಾಯಿತು.