ಎರಡು ಫಿಲ್ಟರಿನ ಧೂಳಿನ ಮಾಸ್ಕ್: ಮೂರು ತಿಂಗಳು ಹಾಕಿಕೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ದಂಡ ಆಗಲಿಲ್ಲ. ಕೋಲಾರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ತೆಗೆದುಕೊಂಡಿದ್ದು. ರಬ್ಬರಿನದು, ಮೂಗು, ಬಾಯಿ, ಗದ್ದ ಮೂರೂ ಮುಚ್ಚುತ್ತದೆ, ಕೆನ್ನೆಯ ಎರಡು ಕಡೆ ಗುಲಾಬಿ ಬಣ್ಣದ ಪಿ100 ಫಿಲ್ಟರು.

ನಾನು ಮಾಲೂರು ಕಡೆ ಅಡುಗೆಮನೆ ಕಟ್ಟೆಗೆ ಸ್ಲ್ಯಾಬ್ ಕತ್ತರಿಸುವ ಯೂನಿಟ್‌ನಲ್ಲಿದ್ದೇನೆ. ಗ್ರಾನೈಟ್ ಬರುತ್ತದೆ, ಈಗೀಗ ಕ್ವಾರ್ಟ್ಜ್ ಸ್ಲ್ಯಾಬೇ ಜಾಸ್ತಿ. ಅದು ಬಂಡೆಯಿಂದ ಸೀಳಿದ ಕಲ್ಲಲ್ಲ, ಕಲ್ಲಿನ ಪುಡಿಗೆ ಅಂಟು ಸೇರಿಸಿ ಒತ್ತಿ ಮಾಡಿದ್ದು, 90 ಪರ್ಸೆಂಟಿಗಿಂತ ಹೆಚ್ಚು ಸಿಲಿಕಾ ಇರಬಹುದು, ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ ಹಾಳು ಮಾಡುವ ಖನಿಜ ಅದು. ಆಸ್ಟ್ರೇಲಿಯಾದವರು 2024ರ ಜುಲೈ 1ರಿಂದ ಅದನ್ನು ಬ್ಯಾನೇ ಮಾಡಿದರು. ನಮ್ಮಲ್ಲಿ ಲಾರಿಯಲ್ಲಿ ಬಂದು ಇಳಿಯುತ್ತಿದೆ.

ಮಾಸ್ಕ್ ವಿಷಯಕ್ಕೆ ಬರೋಣ. ಎನ್95 ಸಣ್ಣ ಧೂಳಿನಲ್ಲಿ 95 ಪರ್ಸೆಂಟ್ ತಡೆದರೆ ಇದು 99.97. ಆದರೆ ಮುಖಕ್ಕೆ ಗಟ್ಟಿಯಾಗಿ ಕೂತರೆ ಮಾತ್ರ. ಎರಡೂ ಫಿಲ್ಟರಿಗೆ ಅಂಗೈ ಒತ್ತಿ ಉಸಿರು ಎಳೆಯಿರಿ, ಮಾಸ್ಕ್ ಮುಖಕ್ಕೆ ಅಂಟಿಕೊಳ್ಳಬೇಕು, ಪಕ್ಕದಿಂದ ಗಾಳಿ ಬಂದರೆ ಸುಮ್ನೆ ಅಲಂಕಾರಕ್ಕೆ ಹಾಕಿದ ಹಾಗೆ. ಗಡ್ಡ ಇದ್ದರಂತೂ ಕೆಲಸಕ್ಕೆ ಬಾರದು, ನಾನು ಬೋಳಿಸಿದೆ, ಮನೆಯಲ್ಲಿ ಎರಡು ದಿನ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಒಳಗೆ ಬೆವರು ಸುರಿಯುತ್ತದೆ. ಮಾತಾಡಿದರೆ ಎದುರಿನವರಿಗೆ ಅರ್ಥ ಆಗುವುದಿಲ್ಲ.

ನಿಜವಾದ ತೊಂದರೆ ಮಾಸ್ಕಿನದಲ್ಲ. ಬ್ಲೇಡಿಗೆ ನೀರು ಬಿಡುವ ಪಂಪು ಕೆಟ್ಟು ಎರಡು ತಿಂಗಳಾಗಿತ್ತು. ನೀರಿದ್ದರೆ ಧೂಳು ಕೆಸರಾಗಿ ಕೆಳಗೆ ಇಳಿಯುತ್ತದೆ, ಇಲ್ಲದಿದ್ದರೆ ಶೆಡ್ಡೆಲ್ಲ ಬೆಳ್ಳಗೆ. ಮ್ಯಾನೇಜರ್‌ಗೆ ಹೇಳಿದೆ. 'ನಿನಗೆ ಮಾಸ್ಕ್ ಇದೆಯಲ್ಲಪ್ಪ, ಇನ್ನೇನು?' ಅಂದರು. ನನ್ನ ದುಡ್ಡಲ್ಲಿ ತಂದ ಮಾಸ್ಕು, ಅದೇ ಅವರಿಗೆ ಉತ್ತರವಾಯಿತು! ಉಳಿದ ಹದಿಮೂರು ಜನ ಟವೆಲ್ ಕಟ್ಟಿಕೊಂಡಿದ್ದರು. ನಮ್ಮ ತಾತ ಕೆಜಿಎಫ್ ಗಣಿಯಲ್ಲಿದ್ದವರು, 2001ರಲ್ಲಿ ಗಣಿ ಮುಚ್ಚಿದ ಮೇಲೂ ಅವರ ಕೆಮ್ಮು ನಿಲ್ಲಲಿಲ್ಲ. ಸಿಲಿಕೋಸಿಸ್, ಅಂದರೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ, ಇದು ನಮ್ಮ ಮನೆಯಲ್ಲಿ ಯಾರೂ ಓದಿ ತಿಳಿದುಕೊಂಡಿದ್ದಲ್ಲ.

ಮ್ಯಾನೇಜರ್‌ನ ದಾಟಿ ಮೇಲೆ ಹೋಗೋದಾ ಬೇಡವಾ ಅಂತ ಹದಿನೈದು ದಿನ ಒದ್ದಾಡಿದೆ. ಕೆಲಸ ಕೊಡಿಸಿದ್ದೇ ಅವರು. ಆಮೇಲೆ ಗೊತ್ತಾಯಿತು, 1948ರ ಫ್ಯಾಕ್ಟರಿ ಕಾಯ್ದೆಯ 41-ಎಚ್ ಕಲಮಿನಲ್ಲೇ ಒಂದು ಮಾತಿತ್ತು: ಅಪಾಯಕಾರಿ ಕೆಲಸ ನಡೆಯುವ ಕಡೆ ಜೀವಕ್ಕೋ ಆರೋಗ್ಯಕ್ಕೋ ಕೂಡಲೇ ಕುತ್ತು ಬರುವ ಹಾಗಿದ್ದರೆ ಮ್ಯಾನೇಜರ್‌ಗೂ ಹೇಳಬಹುದು, ಅದೇ ಹೊತ್ತಿಗೆ ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರ್‌ಗೂ ಹೇಳಬಹುದು. ಅದರ ಬದಲಿಗೆ ಬಂದಿರುವ 2020ರ ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆಯಲ್ಲೂ ಈ ಹಕ್ಕು ಇದೆ. ಅಂದರೆ ಒಬ್ಬರ ಉತ್ತರಕ್ಕೆ ಕಾಯುತ್ತಾ ಕೂರಬೇಕಿಲ್ಲ. ದೂರು ಕೊಟ್ಟವರು ಯಾರೆಂದು ಇನ್‌ಸ್ಪೆಕ್ಟರ್ ಗುಟ್ಟಾಗಿ ಇಡಬೇಕು ಅಂತಲೂ ಹಳೇ ಕಾಯ್ದೆಯಲ್ಲಿತ್ತು. ಆದರೆ ಹದಿನಾಲ್ಕೇ ಜನ ಇರುವ ಯೂನಿಟ್, ಮಾಸ್ಕ್ ಹಾಕಿದವನು ಒಬ್ಬನೇ. ಗುಟ್ಟು ಎಲ್ಲಿಂದ ಬಂತು?

ನಾನು ಮೊದಲು ಓನರ್‌ಗೇ ಹೇಳಿದೆ. ಆಯುಧಪೂಜೆ ದಿನ ಅವರು ಬಂದಿದ್ದರು, ಮಿಷನ್ನಿಗೆ ಕುಂಬಳಕಾಯಿ ಒಡೆದು ಮುಗಿದ ಮೇಲೆ, ಮ್ಯಾನೇಜರ್ ಪಕ್ಕದಲ್ಲಿ ನಿಂತಿರುವಾಗಲೇ. ಹಿಂದಿನಿಂದ ಚಾಡಿ ಹೇಳಿದ ಅಂತ ಅನ್ನಿಸಿಕೊಳ್ಳಬಾರದು ಅಂತ. ಪಂಪಿನ ಫೋಟೋ, ಹೇಳಿದ ತಾರೀಕು, ಎಲ್ಲ ಫೋನಿನಲ್ಲಿತ್ತು. ಎಂಟು ದಿನಕ್ಕೆ ಹೊಸ ಪಂಪು ಬಂತು. ಟವೆಲ್‌ಗಳು ಇನ್ನೂ ಹಾಗೇ ಇವೆ, ಮಾಸ್ಕ್ ಕೊಡಿಸುತ್ತೇವೆ ಅಂದಿದ್ದು ಬಾಯಿಮಾತಲ್ಲೇ ಇದೆ, ಇನ್‌ಸ್ಪೆಕ್ಟರ್‌ಗೆ ಬರೆದ ಅರ್ಜಿಯನ್ನೂ ಹರಿದು ಹಾಕಿಲ್ಲ, ಊಟದ ಬ್ಯಾಗಿನಲ್ಲಿಟ್ಟಿದ್ದೇನೆ. ಮ್ಯಾನೇಜರ್ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಮಾಸ್ಕಿಗೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಬೆಲ್ಟಿಗೆ, ತಲೆ ಹಿಂದಿನ ಕ್ಲಿಪ್ ತಿಂಗಳಿಗೇ ಸಡಿಲವಾಯಿತು. ಉಸಿರೆಳೆಯುವುದು ಕಷ್ಟ ಅನ್ನಿಸಿದ ದಿನವೇ ಫಿಲ್ಟರ್ ಬದಲಾಯಿಸಿ, ಗಾಳಿ ಹೊಡೆದು ಸ್ವಚ್ಛ ಮಾಡಲು ಹೋಗಬೇಡಿ, ಹಾಳಾಗುತ್ತದೆ. ಹೋದ ವಾರ ಮ್ಯಾನೇಜರೇ ಬಂದು, ಆ ಮಾಸ್ಕ್ ಎಲ್ಲಿ ತಗೊಂಡೆ ಅಂತ ಕೇಳಿದರು. ಅಂಗಡಿ ಹೇಳಿದೆ.